ಹೆಚ್ಚುವರಿ ಎರಡು ಡಿಗ್ರಿ

ತ್ರಿಕೋನದ ಮೂರು ಕೋನಗಳನ್ನು ಕೂಡಿದರೆ ನೂರೆಂಬತ್ತು ಡಿಗ್ರಿ ಬರುತ್ತದೆ ಎಂಬ ನಿಯಮವು ನಮ್ಮ ಕಚೇರಿಯ ವ್ಯಾಪ್ತಿಯ ಹೊರಗೆ ಇಂದಿಗೂ ಜಾರಿಯಲ್ಲಿದೆ. ವ್ಯಾಪ್ತಿಯ ಒಳಗೆ ಅದನ್ನು ಹಿಂದಕ್ಕೆ ಪಡೆಯಲಾಗಿದೆ. ಈ ಬಗ್ಗೆ ಊರಿನಲ್ಲಿ ತಲೆಗೊಂದು ಮಾತು ಕೇಳಿಬರುತ್ತಿರುವುದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯ. ನಾನು ಭೂಮಾಪನ ಮತ್ತು ಸೂರು ಮಂಜೂರಾತಿ ಕಚೇರಿಯ ದಾಖಲೆ ಕೋಣೆಯ ಗುಮಾಸ್ತ. ಬ್ರಹ್ಮಾಂಡದ ವ್ಯವಹಾರದಲ್ಲಿ ನನ್ನ ಕೋಣೆಯ ಪಾತ್ರವೇನು ಎಂಬುದು ಮುಂದೆ ತಿಳಿಯುತ್ತದೆ. ನಾನಾಗಿ ಮೊದಲೇ ಹೇಳಿಕೊಂಡರೆ ಜಂಬವಾದೀತು.

ನಮ್ಮ ಕಚೇರಿಯ ಹಿಂಗೋಡೆಗೆ ಅಂಟಿಕೊಂಡ ಹಾಗೆ ಒಂದು ಸೈಟಿದೆ. ಮೊದಲು ಅದಕ್ಕೂ ಮರ್ಯಾದಸ್ಥ ಸೈಟುಗಳಂತೆ ನಾಲ್ಕು ಮೂಲೆಗಳಿದ್ದವು. ಹೊಸ ರಸ್ತೆ ಒಂದು ಕಡೆಯಿಂದಲೂ ಅಡ್ಡರಸ್ತೆ ಇನ್ನೊಂದು ಕಡೆಯಿಂದಲೂ ಓರೆಯಾಗಿ ಕೊಯ್ದುಕೊಂಡು ಹೋದ ಮೇಲೆ ಮೂರು ಉಳಿದವು. ಮೂರು ಮೂಲೆಯ ಸೈಟನ್ನು ಯಾರೂ ಮುಟ್ಟದೆ ಬಿಟ್ಟಿದ್ದಾಗ, ಬಸ್ ನಿಲ್ದಾಣದ ಕಂಬದ ಬುಡದಲ್ಲಿ ಕೂತು ಕೊಡೆ ರಿಪೇರಿ ಮಾಡುವವನೊಬ್ಬ ಅದನ್ನು ಅಗ್ಗಕ್ಕೆ ಕೊಂಡ. ಬಾಡಿಗೆ ಮನೆ ಬಿಟ್ಟು ಹೆಂಡತಿಯನ್ನು ಕರೆತಂದು ಮೂರು ಗೋಡೆ ಎಬ್ಬಿಸಿದ. ಗೋಡೆಗೆ ನಮ್ಮ ಅನುಮತಿ ಬೇಡ, ಅದು ನೆಲಕ್ಕೆ ಸೇರಿದ್ದು. ಸೂರಿಗೆ ಬೇಕು, ಏಕೆಂದರೆ ಅದು ಆಕಾಶಕ್ಕೆ ಅಡ್ಡ ಬರುತ್ತದೆ.

ಹಾಗಾಗಿ ಅವನು ಸೂರಿಗೆ ಅರ್ಜಿ ಹಾಕಿ, ಮಂಜೂರಾಗುವವರೆಗೆ ರಿಪೇರಿಗೆ ಬಂದ ಕೊಡೆಗಳನ್ನೇ ಬಿಚ್ಚಿ ಹಗ್ಗಕ್ಕೆ ನೇತುಹಾಕಿ ಸಂಸಾರ ಹೂಡಿದ. ಗಿರಾಕಿ ಬಂದು ತನ್ನ ಕೊಡೆ ಒಯ್ದಾಗಲೆಲ್ಲ ಸೂರಿನ ಅಷ್ಟು ಭಾಗ ಹೊರಟುಹೋಗುತ್ತಿತ್ತು. ಮಳೆಗಾಲದಲ್ಲಿ ಗಿರಾಕಿಗಳು ಬೇಗ ಬರುತ್ತಾರೆ ಎಂಬುದು ಆ ಕಸುಬಿನ ಸ್ವಭಾವ. ನಾಲ್ಕು ಗೋಡೆಯೊಳಗೆ ಇರಬೇಕಾದ ಗಂಡ ಹೆಂಡಿರ ಮಾತು ಅಲ್ಲಿ ಮೂರೇ ಗೋಡೆಯೊಳಗೆ ನಡೆಯುತ್ತಿದ್ದುದರಿಂದ ನನ್ನ ಕಿಟಕಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಒಂದು ದಿನ ಅವಳು ಹೇಳಿದಳು: "ಸೂರು ಹಾಕ್ಸು, ಬರ್ತೀನಿ. ಒಂದು ಕೈಲಿ ಕೊಡೆ, ಒಂದು ಕೈಲಿ ಸೌಟು ಹಿಡ್ಕೊಂಡ್ರೆ, ನಿನ್ ಮುಖಕ್ಕೆ ತಿವಿಯೋಕೆ ನಂಗೆ ಮೂರನೇ ಕೈ ಇಲ್ಲ."

ತವರಿಗೆ ಹೋದಳು. ಅಲ್ಲಿ ಅವಳ ಅಣ್ಣ, ನೀನು ಇಲ್ಲೇ ಇರುವುದಾದರೆ ಮಳೆಗಾಲ ಮುಗಿಯುತ್ತಿದ್ದ ಹಾಗೆ ಹೊಲಿಗೆ ಅಂಗಡಿ ಹಾಕಿಕೊಡುತ್ತೇನೆ ಎಂದನಂತೆ. ಅಂಗಡಿ ಹಾಕಿದ ಮೇಲೆ ಹೆಂಗಸು ವಾಪಸು ಬರುವುದು ಉಂಟೇ? ಕೊಡೆಯವನು ದಿನವೂ ಕಚೇರಿಗೆ ಬಂದು ಬೆಂಚಿನ ತುದಿಯಲ್ಲಿ ಕೂರಲು ಶುರುಮಾಡಿದ.

ಈಗ ನಮ್ಮ ಅಳತೆಯ ಕ್ರಮ ಹೇಳಬೇಕು. ಒಬ್ಬನೇ ಸರ್ವೆಯವನು ಇಡೀ ಸೈಟನ್ನು ಅಳೆದರೆ ಪಕ್ಷಪಾತಕ್ಕೆ ಆಸ್ಪದವಾಗುತ್ತದೆ ಎಂದು ಒಬ್ಬರಿಗೆ ಒಂದೇ ಮೂಲೆ ಎಂಬ ನಿಯಮವಿದೆ. ಮೂಲೆಗಿಷ್ಟು ಎಂದು ಕೊಡುವ ರೂಢಿಯೂ ಇದೆ. ಅದು ನಿಯಮದಲ್ಲಿಲ್ಲ, ಆದರೆ ನಿಯಮಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿ ನಡೆಯುತ್ತದೆ. ಇನ್ನೊಂದು ಪದ್ಧತಿಯೆಂದರೆ, ಕೋನದಲ್ಲಿ ಭಿನ್ನರಾಶಿ ಬಂದರೆ ಅದನ್ನು ಮೇಲಿನ ಪೂರ್ಣಸಂಖ್ಯೆಗೆ ಏರಿಸಿ ಬರೆಯತಕ್ಕದ್ದು. ಹಿಂದೊಮ್ಮೆ ಆಡಿಟ್‌ನವರು ಬಂದು, ಈ ಕೋನದಲ್ಲಿ ಅರ್ಧ ಡಿಗ್ರಿ ಮಾತ್ರ ಇದೆಯಲ್ಲ, ಉಳಿದರ್ಧ ಯಾರ ಜೇಬಿಗೆ ಹೋಯಿತು ಎಂದು ಕೇಳಿದ್ದರು. ಅಂದಿನಿಂದ ಸರ್ಕಾರಕ್ಕೆ ಯಾರೂ ಕಡಿಮೆ ಡಿಗ್ರಿ ತೋರಿಸಿಲ್ಲ.

ನಾಲ್ಕು ಮೂಲೆಯ ಸೈಟುಗಳಲ್ಲಿ ಎಲ್ಲ ಕೋನವೂ ತೊಂಬತ್ತೇ ಎಂದು ಕೂತಲ್ಲೇ ಬರೆಯುತ್ತಿದ್ದುದರಿಂದ ಈವರೆಗೆ ತೊಂದರೆಯಾಗಿರಲಿಲ್ಲ. ಕೊಡೆಯವನ ಸೈಟಿಗೆ ಮಾತ್ರ ಮೂವರು ನಿಜವಾಗಿಯೂ ಹೋಗಬೇಕಾಯಿತು. ಮೊದಲನೆಯವರಿಗೆ ಅರವತ್ತೆರಡೂ ಮೂರನೇ ಒಂದು ಡಿಗ್ರಿ ಸಿಕ್ಕಿತು, ಅರವತ್ತಮೂರು ಎಂದು ಬರೆದರು. ಎರಡನೆಯವರಿಗೆ ಎಪ್ಪತ್ತೊಂದೂ ಮೂರನೇ ಒಂದು, ಎಪ್ಪತ್ತೆರಡು ಎಂದು ಬರೆದರು. ಮೂರನೆಯವರಿಗೆ ನಲವತ್ತಾರೂ ಮೂರನೇ ಒಂದು, ನಲವತ್ತೇಳು ಎಂದು ಬರೆದರು. ಮೂವರೂ ಪ್ರಾಮಾಣಿಕರು. ಸೈಟಿಗೆ ನಾಲ್ವರು ಎಂಬ ವಾಡಿಕೆಯಂತೆ ಜೊತೆಗೆ ಹೋಗಿದ್ದ ನಾಲ್ಕನೆಯ ಸರ್ವೆಯವರು ಸೈಟಿನ ಸುತ್ತ ಓಡಾಡಿ ಬಂದು, ನನ್ನ ಮೂಲೆ ಕಾಣೆಯಾಗಿದೆ ಎಂದು ದೂರು ಬರೆದುಕೊಟ್ಟರು.

ಮೂರೂ ಅಂಕಿಗಳು ಕೂಡಿಕೆಯವರ ಮೇಜಿಗೆ ಬಂದವು. ಕೋನಗಳನ್ನು ಕೂಡಿ ನೋಡುವುದೇ ಅವರ ಕೆಲಸವಾದ್ದರಿಂದ ಅವರಿಗೆ ಆ ಹೆಸರು. ನಾಲ್ಕು ಮೂಲೆಗೆ ಮುನ್ನೂರರವತ್ತು, ಮೂರು ಮೂಲೆಗೆ ನೂರೆಂಬತ್ತು ಎಂದು ಅವರ ಮೇಜಿನ ಗಾಜಿನಡಿ ಚೀಟಿ ಇದೆ. ಕೂಡಿದರು, ನೂರೆಂಬತ್ತೆರಡು ಬಂತು. ಕೆಳಗಿನಿಂದ ಮೇಲಕ್ಕೆ ಕೂಡಿದರು, ಆಗಲೂ ಅಷ್ಟೇ. ಕನ್ನಡಕ ಒರೆಸಿಕೊಂಡು ಕೊಡೆಯವನನ್ನು ಕರೆದರು.

"ನಿನ್ ಸೈಟಲ್ಲಿ ಎರಡು ಡಿಗ್ರಿ ಜಾಸ್ತಿ ಇದೆಯಲ್ಲಯ್ಯಾ, ಎಲ್ಲಿಂದ ತಂದೆ?"

"ನಾನೇನೂ ತಂದಿಲ್ಲ ಸಾರ್. ಕೊಂಡಾಗ್ಲೇ ಇದ್ದಿರಬೇಕು."

"ಹಿಂದಿನವನು ಮರೆತು ಬಿಟ್ಟು ಹೋಗಿದ್ನಾ?"

"ಬೇಕಾದ್ರೆ ನೀವೇ ತಗೊಂಡ್ಬಿಡಿ ಸಾರ್. ನಂಗೆ ಸೂರೊಂದು ಆದ್ರೆ ಸಾಕು."

ಕೂಡಿಕೆಯವರು ಕಡತದ ಮೇಲೆ "ಭೂಮಿಯು ತ್ರಿಕೋನದ ಷರತ್ತುಗಳನ್ನು ಪಾಲಿಸಿಲ್ಲ, ಪರಿಶೀಲಿಸಿ" ಎಂದು ಬರೆದು ಸಾಹೇಬರಿಗೆ ಕಳಿಸಿದರು.

ನಮ್ಮ ಸಾಹೇಬರು ಸಹಿ ಹಾಕುವ ಮೊದಲು ಜವಾಬ್ದಾರಿ ಯಾರದು ಎಂದು ನೋಡುವವರು. ಸರ್ವೆಯವರನ್ನು ಕೇಳಿದರೆ ಅಳತೆ ನಿಯಮದಂತೆ ಇದೆ ಎಂದರು. ಕೂಡಿಕೆಯವರನ್ನು ಕೇಳಿದರೆ ಚೀಟಿ ತೋರಿಸಿದರು. ಹಾಗಿದ್ದರೆ ಈ ನೂರೆಂಬತ್ತು ಎಂದು ಮೊದಲು ಹೇಳಿದವರಾರು ಎಂದು ವಿಚಾರಿಸಲಾಗಿ, ಯೂಕ್ಲಿಡ್ ಎಂಬ ಒಬ್ಬರ ಹೆಸರು ಹೊರಬಂತು. ಸದರಿಯವರು ಯಾವ ಸ್ಥಳವನ್ನೂ ಖುದ್ದು ಪರಿಶೀಲಿಸದೆ ಎಲ್ಲ ತ್ರಿಕೋನಗಳಿಗೂ ಒಂದೇ ಮೊತ್ತವನ್ನು ಮಂಜೂರು ಮಾಡಿದಂತೆ ಕಂಡುಬಂದುದರಿಂದ ಅವರಿಗೆ ಕಾರಣ ಕೇಳಿ ನೋಟಿಸು ಹೋಯಿತು. "ವಿಳಾಸದಾರರು ಇಲ್ಲ" ಎಂಬ ಷರಾದೊಂದಿಗೆ ಅದು ಮರಳಿತು. ಆಗ ಕಚೇರಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದೆವು:

"ಯೂಕ್ಲಿಡ್ ಎಂಬುವರು ಹಾಲಿ ಎಲ್ಲಿದ್ದರೂ ಖುದ್ದಾಗಿ ಹಾಜರಾಗಿ, ತಾವು ಹೇಳಿದ ಮೊತ್ತಕ್ಕೂ ಸ್ಥಳದಲ್ಲಿ ಇರುವ ಮೊತ್ತಕ್ಕೂ ವ್ಯತ್ಯಾಸ ಬಂದಿರುವುದಕ್ಕೆ ಸಮಜಾಯಿಷಿ ನೀಡತಕ್ಕದ್ದು. ಸದರಿಯವರು ಮೃತರಾಗಿದ್ದಲ್ಲಿ ವಾರಸುದಾರರು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು."

ಒಬ್ಬರು ಬಂದರು. ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಅಂಗಿಯ ಜೇಬಿನಲ್ಲಿ ಇನ್ನೂ ಕೈವಾರ ಇಟ್ಟುಕೊಂಡು ಓಡಾಡುತ್ತಿದ್ದರು. ನೀವು ವಾರಸುದಾರರೇ ಎಂದು ಸಾಹೇಬರು ಕೇಳಿದ್ದಕ್ಕೆ, ಒಂದು ಲೆಕ್ಕದಲ್ಲಿ ಹೌದು, ಈಗ ಊರಿನಲ್ಲಿ ಅವರ ಪರವಾಗಿ ಮಾತಾಡುವವನು ನಾನೊಬ್ಬನೇ ಎಂದರು. ಹಾಗೆಂದೇ ದಾಖಲಿಸಿಕೊಳ್ಳಲಾಯಿತು.

ಮೇಷ್ಟ್ರಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀವು ಮೂರು ಕಡೆ ಏರಿಸಿ ಬರೆದಿದ್ದೀರಿ, ಏರಿಸುವುದನ್ನು ಬಿಟ್ಟರೆ ಸರಿಯಾಗಿ ನೂರೆಂಬತ್ತು ಬರುತ್ತದೆ, ಮನೆಗೆ ಹೋಗಿ ಎಂದರು. ಸಾಹೇಬರು ತಾಳ್ಮೆಯಿಂದ ವಿವರಿಸಿದರು. ಏರಿಸುವುದು ಇಲಾಖೆಯ ಪದ್ಧತಿ, ಅದನ್ನು ಬಿಟ್ಟರೆ ಹಿಂದೆ ಏರಿಸಿದ್ದೆಲ್ಲ ತಪ್ಪೆಂದು ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ಹಿಂದಿನ ಸಾಹೇಬರುಗಳ ಪಿಂಚಣಿಗೆ ಕೈ ಹೋಗುತ್ತದೆ, ಹಿಂದಿನ ಸಾಹೇಬರೊಬ್ಬರು ತಮ್ಮ ಮಾವನವರು. ಬೇರೆ ಯಾವ ಕಾರಣದಿಂದಲೂ ಮೊತ್ತ ಹೆಚ್ಚಾಗುವುದಿಲ್ಲವೇ ಎಂದು ಕೇಳಿದರು.

ಮೇಷ್ಟ್ರು ಇಲ್ಲ ಎನ್ನಬೇಕಿತ್ತು. ಆದರೆ ಜೀವಮಾನವಿಡೀ ಅವರಿಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಪರೀಕ್ಷೆಗೆ ಎಷ್ಟು ಮಾರ್ಕಿಗೆ ಬರುತ್ತದೆ ಎಂದಷ್ಟೇ ಕೇಳಿದ್ದರು. ಅವರ ಕಣ್ಣು ಹೊಳೆಯಿತು. ನೋಡಿ, ಯೂಕ್ಲಿಡ್ ಹೇಳಿದ್ದು ಚಪ್ಪಟೆ ಜಾಗದ ಮಾತು, ನಿಜವಾದ ಬ್ರಹ್ಮಾಂಡ ಚಪ್ಪಟೆಯಾಗಿಯೇ ಇರಬೇಕು ಎಂದು ಯಾರೂ ಬರೆದುಕೊಟ್ಟಿಲ್ಲ, ಇದೆಯೋ ಇಲ್ಲವೋ ಎಂಬುದನ್ನು ಅಳೆದೇ ನೋಡಬೇಕು, ದೊಡ್ಡ ಭಾರವಿರುವ ಕಡೆ ಜಾಗವೇ ಬಾಗುತ್ತದೆ, ನಕ್ಷತ್ರದ ಪಕ್ಕ ಹಾದುಬರುವ ಬೆಳಕು ಕೂಡ ಬಾಗುತ್ತದೆ ಎಂದು ಶುರುಮಾಡಿದರು. ಬೆಂಚಿನಲ್ಲಿ ಕೂತಿದ್ದ ಕೊಡೆಯವನ ಕೈಯಿಂದ ಕೊಡೆ ಕಿತ್ತುಕೊಂಡು ಬಿಚ್ಚಿ, ಅದರ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದರು. ಬಾಗಿದ ಮೈಮೇಲೆ ಬರೆದ ತ್ರಿಕೋನ ಉಬ್ಬಿಕೊಂಡು ಕೋನಗಳು ದೊಡ್ಡವಾಗುವುದನ್ನು ಎಲ್ಲರೂ ಎದ್ದು ಬಂದು ನೋಡಿದರು.

"ಸಾರ್, ಅದು ಕೊಡೆ. ನಂದು ಸೈಟು," ಎಂದ ಕೊಡೆಯವನು.

ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು, ಹಾಗಾದರೆ ನಮ್ಮ ಅಂಕಿ ಸರಿ, ಜಾಗವೇ ಬಾಗಿದೆ ಎನ್ನಬಹುದೇ ಎಂದು ಕೇಳಿದರು. ಮೇಷ್ಟ್ರು ಗಾಬರಿಯಾಗಿ, ಎರಡು ಡಿಗ್ರಿ ಬಾಗಬೇಕಾದರೆ ಸೂರ್ಯನಂಥ ಸೂರ್ಯನೂ ಸಾಲದು ಸ್ವಾಮಿ, ಅಷ್ಟು ಭಾರದ್ದು ಇಲ್ಲಿ ಅಕ್ಕಪಕ್ಕ ಏನಿದೆ ಎಂದರು.

ಎಲ್ಲರ ಕಣ್ಣೂ ನಿಧಾನವಾಗಿ ನನ್ನ ಕೋಣೆಯ ಕಡೆ ತಿರುಗಿತು.

ನನ್ನ ಕೋಣೆಯಲ್ಲಿ ಇತ್ಯರ್ಥವಾಗದ ಕಡತಗಳಿವೆ. ಬಾಗಿಲು ನಾನು ಅಡ್ಡಡ್ಡವಾಗಿ ತೂರುವಷ್ಟು ಮಾತ್ರ ತೆರೆಯುತ್ತದೆ. ನೆಲ ಕುಸಿದಿರುವುದರಿಂದ ಕೂಡಿಕೆಯವರ ಮೇಜಿನ ಮೇಲೆ ಇಟ್ಟ ಪೆನ್ಸಿಲ್ ತಾನಾಗಿ ನನ್ನ ಬಾಗಿಲ ಕಡೆಗೆ ಉರುಳುತ್ತದೆ. ಒಳಗೆ ಹೋದ ಕಡತ ಹೊರಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಇವೆಲ್ಲವನ್ನೂ ಅಲ್ಲಿಯವರೆಗೆ ನಿರ್ಲಕ್ಷ್ಯ ಎಂದು ಕರೆಯುತ್ತಿದ್ದರು, ಮೆಮೊ ಕೊಡುತ್ತಿದ್ದರು. ಅಂದು ಮೊದಲ ಸಲ ನನ್ನ ಕೋಣೆಯನ್ನು ಗೌರವದಿಂದ ನೋಡಿದರು. ನಾನು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡೆ, ಸುಳ್ಳೇಕೆ ಹೇಳಲಿ.

ನಾಲ್ಕನೇ ಮೂಲೆಯ ಸರ್ವೆಯವರು ಮೆಲ್ಲಗೆ ಕೇಳಿದರು, ಇಂಥ ಭಾರದ ಹತ್ತಿರ ಕಾಲವೇನಾದರೂ ನಿಧಾನವಾಗುತ್ತದೆಯೇ ಎಂದು. ಮೇಷ್ಟ್ರು ಸತ್ಯವಂತರು, ಆಗುತ್ತದೆ ಎಂದುಬಿಟ್ಟರು. ಊಟದ ವಿರಾಮಕ್ಕೆ ಹೋದವರು ಹೊರಗಿನ ಗಡಿಯಾರದ ಪ್ರಕಾರ ಮಾತ್ರ ತಡವಾಗಿ ಬರುತ್ತಾರೆ, ಒಳಗಿನ ಕಾಲದ ಪ್ರಕಾರ ಅಲ್ಲ ಎಂಬುದು ಅಲ್ಲೇ ಇತ್ಯರ್ಥವಾಯಿತು. ಮಾರನೆಯ ದಿನ ಸುತ್ತೋಲೆ ಹೊರಬಿತ್ತು:

"ಈ ಕಚೇರಿಯ ಸುತ್ತಮುತ್ತಲಿನ ಪ್ರದೇಶವನ್ನು ಈ ಮೂಲಕ ಬಾಗಿದ ಪ್ರದೇಶವೆಂದು ಘೋಷಿಸಲಾಗಿದೆ. ಸದರಿ ಬಾಗುವಿಕೆಯು ದಾಖಲೆ ಕೋಣೆಯ ಬಾಕಿ ಕಡತಗಳ ಭಾರದಿಂದ ಉಂಟಾಗಿದ್ದು, ಯಾವುದೇ ಕಡತವನ್ನು ಇತ್ಯರ್ಥಪಡಿಸಿ ಹೊರತೆಗೆದಲ್ಲಿ ಭಾರ ಕಡಿಮೆಯಾಗಿ ಊರಿನ ಎಲ್ಲ ಸೈಟುಗಳ ಗಡಿಗಳು ಅಲುಗಾಡುವ ಸಂಭವವಿರುತ್ತದೆ. ಆದ್ದರಿಂದ ಬಾಕಿ ಕಡತಗಳನ್ನು ಇತ್ಯರ್ಥಪಡಿಸುವುದನ್ನು ನಿಷೇಧಿಸಿದೆ. ತ್ರಿಕೋನಗಳಲ್ಲಿ ಕಂಡುಬರುವ ಹೆಚ್ಚುವರಿ ಡಿಗ್ರಿಗಳು ಸರ್ಕಾರದ ಸ್ವತ್ತು. ಬಾಗಿದ ಪ್ರದೇಶದಲ್ಲಿ ಸೂರು ಹಾಕುವವರು ಕಚೇರಿಯ ಅಂಕಿಗಳ ಪ್ರಕಾರವೇ ತಗಡು ಕತ್ತರಿಸತಕ್ಕದ್ದು."

ಹೆಚ್ಚುವರಿ ಎರಡು ಡಿಗ್ರಿಯನ್ನು ಒಂದು ಪ್ರತ್ಯೇಕ ಮೂಲೆಯೆಂದು ಪರಿಗಣಿಸಿ ನಾಲ್ಕನೇ ಸರ್ವೆಯವರ ವಶಕ್ಕೆ ಕೊಡಲಾಯಿತು. ಅವರು ದೂರನ್ನು ಹಿಂದಕ್ಕೆ ಪಡೆಯಲು ಬಂದರು, ಅದೂ ಬಾಕಿ ಕಡತವಾದ್ದರಿಂದ ಪಡೆಯಲಾಗಲಿಲ್ಲ. ಮೇಷ್ಟ್ರಿಗೆ ಬಾಗುವಿಕೆ ಸಲಹೆಗಾರರೆಂದು ಒಂದು ಹುದ್ದೆ, ಫ್ಯಾನಿನ ಕೆಳಗೆ ಒಂದು ಕುರ್ಚಿ ಸಿಕ್ಕಿತು. ಮೊದಲ ದಿನ ಅವರು ತಲೆ ತಗ್ಗಿಸಿಕೊಂಡು ಕೂತಿದ್ದರು. ಎರಡನೆಯ ದಿನ ಫ್ಯಾನನ್ನು ಇನ್ನೊಂದಿಷ್ಟು ಜೋರಾಗಿ ಹಾಕಲು ಹೇಳಿದರು.

ಎಲ್ಲರಿಗೂ ಒಳ್ಳೆಯದಾಯಿತು, ಕೊಡೆಯವನೊಬ್ಬನನ್ನು ಬಿಟ್ಟು. ಅವನು ಸುತ್ತೋಲೆಯನ್ನು ಓದಿಸಿಕೊಂಡು ಕೂಡಿಕೆಯವರ ಮುಂದೆ ನಿಂತ. ಹಾಗಾದರೆ ನನ್ನ ಅಳತೆ ಸರಿಯಾಯಿತಲ್ಲ, ಸೂರಿಗೆ ಸಹಿ ಹಾಕಿ ಎಂದ. ಕೂಡಿಕೆಯವರು ನಿಜವಾದ ಮರುಕದಿಂದ ಅವನಿಗೆ ತಿಳಿಸಿ ಹೇಳಿದರು. ನಿನ್ನ ಕಡತವೂ ಆ ರಾಶಿಯಲ್ಲಿದೆ. ಅದನ್ನು ಮಂಜೂರು ಮಾಡಿ ತೆಗೆದರೆ ಅಷ್ಟು ಭಾರ ತಗ್ಗುತ್ತದೆ, ತಗ್ಗಿದರೆ ನಿನ್ನ ಸೈಟಿನ ಕೋನ ಬದಲಾಗುತ್ತದೆ, ಬದಲಾದರೆ ಮಂಜೂರಾತಿ ತಪ್ಪಾಗುತ್ತದೆ. ಮಂಜೂರು ಮಾಡದೆ ಇರುವವರೆಗೆ ಮಾತ್ರ ನಿನ್ನ ಅರ್ಜಿ ಮಂಜೂರಾತಿಗೆ ಅರ್ಹ. ಕೊಡೆಯವನು ಬಂದು ನನ್ನ ಕೋಣೆಯ ಬಾಗಿಲಿಗೆ ಒರಗಿ ಕೂತು, ಮುರಿದ ಕಡ್ಡಿಯೊಂದನ್ನು ಬೆರಳಲ್ಲಿ ತಿರುಗಿಸುತ್ತ ಅತ್ತ. ಗಂಡಸು ಅಳುವುದನ್ನು ನೋಡಿ ನನಗೂ ಸಂಕಟವಾಯಿತು. ಆದರೆ ಊರಿನ ಗಡಿಗಳ ಪ್ರಶ್ನೆ, ನನ್ನ ಕೈಯಲ್ಲಿ ಏನಿದೆ?

ತವರಿನಲ್ಲಿ ಹೊಲಿಗೆ ಯಂತ್ರ ಬಂದು ಇಳಿಯಿತಂತೆ, ಇನ್ನು ಬೋರ್ಡು ಬರೆಸುವುದಷ್ಟೇ ಬಾಕಿಯಂತೆ ಎಂಬ ಸುದ್ದಿ ಬಂತು. ಅದಾದ ಮೇಲೆ ಹೆಂಡತಿಯೇ ಒಂದು ದಿನ ಕಚೇರಿಗೆ ಬಂದಳು. ಜಗಳಕ್ಕೆ ಬಂದಳೆಂದು ಕೂಡಿಕೆಯವರು ಕಾಗದದ ಮೇಲಿನ ಗುಂಡನ್ನು ದೂರ ಸರಿಸಿಟ್ಟರು. ಅವಳು ಬೆಂಚಿನಲ್ಲಿ ಗಂಡನ ಪಕ್ಕ ಕೂತು ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಬರೆದ ಸಾಹೇಬರನ್ನೂ ಸೇರಿಸಿ ಅಲ್ಲಿಯವರೆಗೆ ಯಾರೂ ಅದನ್ನು ಪೂರ್ತಿ ಓದಿರಲಿಲ್ಲ. ಆಮೇಲೆ ನೇರ ಸಾಹೇಬರ ಮೇಜಿಗೆ ಹೋದಳು.

"ಅಪ್ಪಣೆ ಇಲ್ದೆ ಸೂರು ಹಾಕಿದ್ರೆ ಏನ್ ಮಾಡ್ತೀರಿ ಸಾರ್?"

"ನಿಮ್ಮ ಮೇಲೆ ಕೇಸು ಹಾಕ್ತೀವಮ್ಮ."

"ಹಾಕಿದ ಕೇಸು?"

ಸಾಹೇಬರು ಸುತ್ತೋಲೆಯನ್ನು ತಮ್ಮ ಕಡೆಗೆ ಎಳೆದುಕೊಂಡು ನೋಡಿದರು. ಕೇಸಿಗೊಂದು ಕಡತವಾಗುತ್ತದೆ. ಕಡತ ರಾಶಿಗೆ ಸೇರುತ್ತದೆ. ರಾಶಿಗೆ ಸೇರಿದ್ದನ್ನು ಇತ್ಯರ್ಥಪಡಿಸುವುದು ನಿಷಿದ್ಧ. ಇದೆಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋಗುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಕೊನೆಗೆ ಅವರು ಸಂತೋಷದಿಂದಲೇ, ಹಾಕಿ, ಭಾರ ಇನ್ನೂ ಗಟ್ಟಿಯಾಗುತ್ತದೆ ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸೂರು ಹಾಕುವ ದಿನ ನಾವೆಲ್ಲ ಹಿಂಗೋಡೆಯ ಪಕ್ಕ ನಿಂತು ನೋಡಿದೆವು. ತಗಡಿನ ಅಂಗಡಿಯವನು ಸೈಟಿನ ಕಡೆ ತಿರುಗಿಯೂ ನೋಡಲಿಲ್ಲ, ಆಫೀಸಿನ ಅಳತೆ ಇರುವಾಗ ನಾನ್ಯಾಕೆ ಅಳೆಯಲಿ ಎಂದು ಮೂಲೆಗೊಂದರಂತೆ ತಗಡುಗಳನ್ನು ಅರವತ್ತಮೂರು, ಎಪ್ಪತ್ತೆರಡು, ನಲವತ್ತೇಳು ಡಿಗ್ರಿಗೆ ಕತ್ತರಿಸಿ ತಂದಿದ್ದ. ಮೂರೂ ಮೂಲೆಗಳಲ್ಲಿ ತಗಡನ್ನು ಬಡಿದು ಕೂರಿಸಿ ಮೊಳೆ ಹೊಡೆದರು. ನಡುವೆ ಒಂದಕ್ಕೊಂದು ಸೇರಿಸಹೋದಾಗ ಅವು ಸೇರಲೊಲ್ಲದೆ ಒತ್ತರಿಸಿಕೊಂಡು ಮೇಲೆದ್ದವು. ಮೇಲೆ ಹತ್ತಿ ತುಳಿದರೆ ಇನ್ನೊಂದು ಕಡೆ ಉಬ್ಬಿತು. ಕೊನೆಗೆ ಸೂರು ನಡುವೆ ಗೂನು ಬೆನ್ನಾಗಿ, ನೆತ್ತಿಯಲ್ಲಿ ಒಂದು ಸೀಳು ಬಿಟ್ಟುಕೊಂಡು ನಿಂತಿತು. ನೋಡಲು ಬಿಚ್ಚಿದ ಕೊಡೆಯ ಹಾಗೇ ಇತ್ತು.

ಮೇಷ್ಟ್ರು ಜೇಬಿನ ಕೈವಾರ ಹಿಡಿದುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು, ನಾಚಿಕೆಯಿಂದಲೋ ಆನಂದದಿಂದಲೋ ನನಗೆ ತಿಳಿಯಲಿಲ್ಲ. ನೂರೆಂಬತ್ತೆರಡಕ್ಕೆ ಕತ್ತರಿಸಿದರೆ ಉಬ್ಬಲೇಬೇಕು, ಪಾಪ, ಅವನು ಹೇಳಿದ್ದು ಸರಿಯಾಗಿಯೇ ಇತ್ತು ಎಂದು ತಮ್ಮಷ್ಟಕ್ಕೆ ಗೊಣಗಿದರು. ಅವನು ಎಂದರೆ ಯೂಕ್ಲಿಡ್. ಸಾಹೇಬರು ಅದನ್ನು ಕೇಳಿಸಿಕೊಳ್ಳದೆ, ಜಾಗ ಬಾಗಿದೆ ಎಂಬುದಕ್ಕೆ ಸೂರೇ ಸಾಕ್ಷಿ ಹೇಳುತ್ತಿದೆ ನೋಡಿ ಎಂದು ಎಲ್ಲರಿಗೂ ತೋರಿಸಿದರು. ಎಲ್ಲರಿಗೂ ಕಂಡಿತು.

ಹೆಂಡತಿ ಬಂದಳು. ಒಂದು ಟ್ರಂಕು ತಂದಳು, ಇನ್ನೊಂದನ್ನು ತವರಲ್ಲೇ ಬಿಟ್ಟಳು. ಅದನ್ನೂ ತಂದುಬಿಡೋಣವೇ ಎಂದು ಕೊಡೆಯವನು ಹೆದರುತ್ತ ಕೇಳಿದ್ದು ನನ್ನ ಕಿಟಕಿಗೆ ಬಂತು. ಮೂರು ಗೋಡೆಯ ಗುಣ ಅದು.

"ಸೂರು ಬಾಕಿ, ಕೇಸು ಬಾಕಿ," ಎಂದಳು ಅವಳು. "ನಾನೂ ಹಂಗೇ ಪರಿಶೀಲನೇಲಿದ್ದೀನಿ ಅಂದ್ಕೊ. ಇತ್ಯರ್ಥ ಮಾಡೋಕೆ ಹೋಗ್ಬೇಡ, ಗಡಿ ಅಲುಗಾಡುತ್ತೆ."

ಅವನು ನಕ್ಕ. ಮಳೆಗಾಲ ಶುರುವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅವರನ್ನು ನೋಡಿ ಊರಿನವರು ಕಲಿತರು. ಈಗ ಯಾರೂ ಅನುಮತಿಗೆ ಕಾಯುವುದಿಲ್ಲ, ಮಹಡಿಯ ಮೇಲೆ ಮಹಡಿ ಎಬ್ಬಿಸಿ ನಮ್ಮಲ್ಲಿಗೆ ಬಂದು ತಮ್ಮ ಮೇಲೆ ತಾವೇ ಕೇಸು ಹಾಕಿಸಿಕೊಂಡು ಹೋಗುತ್ತಾರೆ. ಅದಕ್ಕೂ ಇಷ್ಟೆಂದು ಒಂದು ರೂಢಿಯಾಗಿದೆ. ಹೊಸ ಕಡತಗಳ ಭಾರದಿಂದ ಪೆನ್ಸಿಲ್ ಈಗ ಉರುಳುವುದಿಲ್ಲ, ಓಡುತ್ತದೆ. ಇತ್ತೀಚೆಗೆ ಇನ್ನೊಂದು ತ್ರಿಕೋನದ ಸೈಟು ಬಂದಾಗ ಸರ್ವೆಯವರು ಅಳೆಯಲು ಹೋಗಲಿಲ್ಲ, ಭಾರ ಹೆಚ್ಚಿದೆಯಲ್ಲ ಎಂದು ಕೂತಲ್ಲೇ ನೂರೆಂಬತ್ನಾಲ್ಕು ಹಂಚಿಕೊಂಡರು. ಕೂಡಿಕೆಯವರು ಗಾಜಿನಡಿಯ ಚೀಟಿಯನ್ನು ತೆಗೆದು ಸೀಸದಕಡ್ಡಿಯಲ್ಲಿ ಬರೆದ ಚೀಟಿ ಇಟ್ಟುಕೊಂಡಿದ್ದಾರೆ.

ಸೂರು ಹಾಕಿದ ಮೇಲೆ ಮೊದಲ ಸಲ ಜೋರು ಮಳೆ ಬಂದ ಮಾರನೆಯ ಬೆಳಿಗ್ಗೆ ಕೊಡೆಯವನ ಹೆಂಡತಿ ತುಂಬಿದ ಬಕೆಟ್ಟು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಸೂರು ಸೋರುತ್ತದೆಯೇ ತಾಯಿ ಎಂದು ಕೇಳಿದೆ.

"ನಮ್ಮ ಸೂರು ಸೋರಲ್ಲ ಸಾರ್. ನೆತ್ತಿ ಮೇಲೆ ಸೀಳಿದೆಯಲ್ಲ, ಅದು ಆ ಎರಡು ಡಿಗ್ರಿದು. ಸರ್ಕಾರದ ಜಾಗ. ಅಲ್ಲಿ ಬಿದ್ದ ನೀರನ್ನ ನಾವಿಟ್ಕೊಂಡ್ರೆ ನಾಳೆ ಕಳ್ಳತನ ಅಂತೀರಿ. ತಗೊಂಡು ಮೊಹರು ಹಾಕ್ಕೊಡಿ."

ಸುತ್ತೋಲೆ ನೋಡಿದೆ, ಅವಳು ಹೇಳಿದ್ದು ಸರಿಯಾಗಿತ್ತು. ನಾಲ್ಕನೇ ಮೂಲೆಯವರನ್ನು ಕರೆಸಿದೆ. ಅವರು ಬೆರಳು ಅದ್ದಿ ನೋಡಿ, ನಮ್ಮದೇ ಎಂದು ಗುರುತಿಸಿ ಸಹಿ ಹಾಕಿದರು. ಅಂದಿನಿಂದ ಮಳೆ ಬಂದಾಗಲೆಲ್ಲ ಅವಳು ತರುತ್ತಾಳೆ, ನಾನು ಮೊಹರು ಹಾಕಿಕೊಡುತ್ತೇನೆ. ನೀರನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ಬಕೆಟ್ಟುಗಳನ್ನು ಕಡತಗಳ ಮೇಲೆಯೇ ಜೋಡಿಸಿಟ್ಟಿದ್ದೇನೆ. ನೀರಿಗೂ ಭಾರವಿದೆಯಲ್ಲ.